ತಕರಾರಿಲ್ಲದ ಮರ

ಆ ಅರ್ಜಿ ಬರೆದವಳು ನಾನೇ. ಇದನ್ನು ಕೊನೆಯವರೆಗೆ ಮುಚ್ಚಿಟ್ಟು ಓದುವವರನ್ನು ಬೆಚ್ಚಿಬೀಳಿಸುವ ಆಸೆ ನನಗಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ: ನಿನ್ನ ವಾದದ ತೂತನ್ನು ಎದುರಿನವನು ತೋರಿಸುವ ಮೊದಲು ನೀನೇ ತೋರಿಸಿಬಿಡು, ಆಮೇಲೆ ಅವನ ಕೈ ಖಾಲಿ. ಆದರೆ ಕಳೆದ ವರ್ಷದ ಮೇ ತಿಂಗಳ ಆ ವಾರದಲ್ಲಿ ನನ್ನ ಎದುರಿಗಿದ್ದದ್ದು ಒಂದು ಮರದ ಕೊಂಬೆ. ಅದಕ್ಕೆ ಕಿವಿಯಿರಲಿಲ್ಲ.

ನಮ್ಮ ಮನೆ ತ್ರಾಸಿಯ ಹತ್ತಿರ, ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿದರೆ ಹತ್ತು ನಿಮಿಷದ ದಾರಿ. ಅಪ್ಪಯ್ಯ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ಮಳೆಗಾಲಕ್ಕೆ ಬೋಟು ನಿಲ್ಲುವವರೆಗೆ ಮನೆಗೆ ಬರುವುದು ಅಪರೂಪ. ಅಮ್ಮ ಒಣಮೀನು ಮಾರುತ್ತಾಳೆ. ಅಂಗಳದ ಅಂಚಿನಲ್ಲಿ ಅವಳ ಮೀನಿನ ಕೊಟ್ಟಿಗೆ: ಕೆಂಪು ಕಲ್ಲಿನ ಗೋಡೆ, ಹೆಂಚಿನ ಮಾಡು, ಹೊರಕ್ಕೆ ತೆರೆಯುವ ಒಂದೇ ಬಾಗಿಲು. ಅದಕ್ಕೆ ತಾಗಿದಂತೆ ನಾಗಬನ. ಬನ ಅಂದರೆ ದೊಡ್ಡದೇನಲ್ಲ, ಹೆಡೆ ಕೆತ್ತಿದ ನಾಲ್ಕು ಕಲ್ಲು, ಸುತ್ತ ಒಂದಷ್ಟು ಮರ ಬಳ್ಳಿ. ನಾಗರಪಂಚಮಿಗೆ ಹಾಲು, ಎಳನೀರು. ಉಳಿದ ದಿನ ಯಾರೂ ಒಳಗೆ ಕಾಲಿಡುವುದಿಲ್ಲ. ಅಲ್ಲಿ ಬಿದ್ದ ಒಣ ಕಡ್ಡಿಯನ್ನೂ ಒಲೆಗೆ ತರುವುದಿಲ್ಲ. ಬನದ್ದು ಬನದಲ್ಲೇ ಕೊಳೆಯಬೇಕು, ಅದು ನಮ್ಮೂರಿನ ನಿಯಮ.

ಆ ಬನದ ದೊಡ್ಡ ಮರ ಹೊನ್ನೆ. ಅದರ ಕೊಂಬೆಗಳು ಕರೆಂಟಿನ ತಂತಿಯ ಮೇಲೆ ತೋಳು ಚಾಚಿಕೊಂಡಿದ್ದವು. ಕಡಲ ಗಾಳಿ ಸ್ವಲ್ಪ ಜೋರಾದರೆ ಸಾಕು, ತಂತಿಯಲ್ಲಿ ಕಿಡಿ, ಮನೆಯಲ್ಲಿ ಕತ್ತಲೆ.

ಹಳೆಯ ಲೈನ್‌ಮ್ಯಾನ್ ಇದ್ದಷ್ಟು ವರ್ಷ ಇದಕ್ಕೊಂದು ಪದ್ಧತಿಯಿತ್ತು. ಮಳೆಗೆ ಮೊದಲು ಒಂದು ದಿನ ಅವರು ಗೇಟಿನಾಚೆಯಿಂದಲೇ ಕೂಗುತ್ತಿದ್ದರು: "ಹ್ವಾಯ್ ಅಮ್ಮಾ, ಕೊಂಬಿ ಸವರೂಕಿತ್ತ್. ಹೇಳಿ ಬನ್ನಿ!" ಹೇಳಿ ಬರಬೇಕಾದದ್ದು ನಾಗನಿಗೆ. ಅಮ್ಮ ಮಿಂದು, ತೆಂಗಿನಕಾಯಿಯೂ ಒಂದು ಗಿಂಡಿ ಹಾಲೂ ಹಿಡಿದು ಬನದ ಬಾಯಲ್ಲಿ ನಿಂತು ಏನೋ ಗುಣುಗುಣು ಹೇಳುತ್ತಿದ್ದಳು. ಆಮೇಲೆ ಲೈನ್‌ಮ್ಯಾನ್ ಮರ ಹತ್ತಿ, ಒಂದೊಂದು ಕೊಂಬೆಗೂ ಹಗ್ಗ ಬಿಗಿದು, ಗರಗಸದಿಂದ ಕೊಯ್ದು, ತೊಟ್ಟಿಲಿನಿಂದ ಕೂಸನ್ನು ಎತ್ತಿ ಇಳಿಸಿದ ಹಾಗೆ ಬನದೊಳಕ್ಕೇ ಇಳಿಸುತ್ತಿದ್ದರು. ಒಂದು ಗಂಟೆಯ ಕೆಲಸಕ್ಕೆ ಅರ್ಧ ದಿನ. ನನಗೆ ಅದು ಶುದ್ಧ ತಮಾಷೆಯಾಗಿ ಕಾಣುತ್ತಿತ್ತು. ಬ್ರಹ್ಮಾವರದಲ್ಲಿ ನಡೆದ ಒಂದು ಚರ್ಚಾಸ್ಪರ್ಧೆಯಲ್ಲಿ ನಂಬಿಕೆಗಳು ಪ್ರಗತಿಗೆ ಅಡ್ಡಿ ಎಂಬ ವಿಷಯದ ಪರವಾಗಿ ಮಾತಾಡುವಾಗ ಇದೇ ದೃಶ್ಯವನ್ನು ನಾನು ಅಭಿನಯಿಸಿ ತೋರಿಸಿದ್ದೆ. ಸಭೆ ಬಿದ್ದು ಬಿದ್ದು ನಕ್ಕಿತ್ತು. ಮೊದಲ ಬಹುಮಾನದ ಸ್ಟೀಲಿನ ಕಪ್ಪು ಮನೆಗೆ ಬಂತು. ಎರಡು ಕಿವಿಯ ಆ ಕಪ್ಪಿನಲ್ಲಿ ಅಮ್ಮ ಈಗ ಒಣ ಚಟ್ಲಿ ಅಳೆಯುತ್ತಾಳೆ. ಸಂತೆಯಲ್ಲಿ ಚಟ್ಲಿ ಅಂದರೆ ಸಿಗಡಿ, ಗೊತ್ತಿಲ್ಲದವರಿಗೆ ಹೇಳುತ್ತಿದ್ದೇನೆ.

ಕಳೆದ ವರ್ಷ ಆ ಲೈನ್‌ಮ್ಯಾನ್ ನಿವೃತ್ತರಾದರು. ಅದೇ ಬೇಸಿಗೆಯಲ್ಲಿ ನಾನೊಂದು ಆನ್‌ಲೈನ್ ಚರ್ಚೆಯ ಸೆಮಿಫೈನಲ್‌ನಲ್ಲಿದ್ದೆ. ಎದುರು ತಂಡದ ಮಾತನ್ನು ನಾನು ಇನ್ನೇನು ಸಿಗಿದು ಹಾಕಬೇಕು, ಕರೆಂಟು ಹೋಯಿತು. ಹೊನ್ನೆ ಮರ ತಂತಿಗೆ ತಾಗಿತ್ತು. ಕರೆಂಟು ಬರುವಷ್ಟರಲ್ಲಿ ನಾವು ಸೋತಾಗಿತ್ತು. ಆ ಸಿಟ್ಟಿನಲ್ಲೇ ಅರ್ಜಿ ಬರೆದೆ.

ಒಳ್ಳೆಯ ವಾದಿ ಎದುರಾಳಿ ಓಡಿಹೋಗುವ ದಾರಿಗಳನ್ನು ಮೊದಲೇ ಮುಚ್ಚುತ್ತಾನೆ. ಕರೆಂಟ್ ಆಫೀಸಿನವರು ಯಾವ ಯಾವ ನೆಪ ಹೇಳಬಹುದು ಎಂದು ಯೋಚಿಸಿ ಒಂದೊಂದಕ್ಕೂ ಒಂದು ವಾಕ್ಯ ಬರೆದೆ. ಮರದ ಬಗ್ಗೆ ಧಾರ್ಮಿಕವಾಗಲಿ ಇನ್ನಾವುದೇ ಆಗಲಿ, ನಮ್ಮ ಕಡೆಯಿಂದ ಯಾವ ತಕರಾರೂ ಇಲ್ಲ. ಕಡಿಯುವ ಮೊದಲು ಮನೆಯವರ ಅನುಮತಿಗೆ ಕಾಯುವ ಅಗತ್ಯವಿಲ್ಲ. ಕಡಿದ ಕೊಂಬೆಗಳನ್ನು ಸಾಗಿಸಲು ಜನವಿಲ್ಲವೆಂದಾದರೆ ಅದನ್ನೂ ನಾವೇ ನೋಡಿಕೊಳ್ಳುತ್ತೇವೆ. ಈ ಮೂರನೆಯ ವಾಕ್ಯ ಬರೆಯುವಾಗ ನನಗೆ ಒಂದಿಷ್ಟೂ ಅಳುಕಿರಲಿಲ್ಲ. ನಮ್ಮ ಕಡೆ ಮಳೆಗೆ ಮೊದಲು ಮರದ ಕೊಂಬೆ ಬಿದ್ದರೆ ಅದು ನೆಲ ಮುಟ್ಟುವಷ್ಟರಲ್ಲಿ ನಾಲ್ಕು ಮನೆಯವರು ಕತ್ತಿ ಹಿಡಿದು ಬಂದಿರುತ್ತಾರೆ. ಸೌದೆ ಯಾರಿಗೆ ಬೇಡ? ಬನದ ಸೌದೆ ಯಾರಿಗೂ ಬೇಡ ಎನ್ನುವುದು ಹುಟ್ಟಿದಾಗಿನಿಂದ ಗೊತ್ತಿದ್ದ ನನಗೆ ಆಗ ಮಾತ್ರ ಹೊಳೆಯಲಿಲ್ಲ. ನನ್ನ ಮಟ್ಟಿಗೆ ಅದು ಬರೀ ಮರವಾಗಿತ್ತು. ನನ್ನ ಮಟ್ಟಿಗೆ ಅದು ಬರೀ ಮರವಾದರೆ ಊರಿಗೂ ಬರೀ ಮರ ಎಂದು ನಾನು ಲೆಕ್ಕ ಹಾಕಿದ್ದೆ. ಬೇರೆ ಯಾರಾದರೂ ಇಂಥ ತರ್ಕ ಮಂಡಿಸಿದ್ದರೆ ವೇದಿಕೆಯ ಮೇಲೆ ಅವರ ಚರ್ಮ ಸುಲಿಯುತ್ತಿದ್ದೆ.

ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅರ್ಜಿ ಒಲೆಗೆ ಹೋಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಗುತ್ತಿಗೆಯವರ ಗಾಡಿ ಬಂತು. ಅಮ್ಮ ಬೆಳಕು ಹರಿಯುವ ಮೊದಲೇ ಗಂಗೊಳ್ಳಿಯ ಬಂದರಿಗೆ ಹೋಗಿದ್ದಳು. ಐದು ಜನ, ಒಂದು ಏಣಿ, ಒಂದು ಪೆಟ್ರೋಲ್ ಗರಗಸ. ಮುಂದಾಳು ಬಯಲುಸೀಮೆಯವ, ಮಾತಿನಲ್ಲಿ ಬಹಳ ಮರ್ಯಾದೆ.

"ಅಕ್ಕಾರ, ಲೈನ್ ಬಂದ್ ಮಾಡಿಸೇವ್ರೀ. ಕಡೀಲೇನ್ರೀ?"

"ಕಡೀರಿ," ಅಂದೆ.

ಹತ್ತು ನಿಮಿಷ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಮೇಲಿನ ದೊಡ್ಡ ಕೊಂಬೆಗೆ ಗರಗಸ ಇಟ್ಟರು. ಅದು ಬನದೊಳಕ್ಕೆ ಬೀಳುತ್ತದೆ ಎಂದು ಅವರೂ ಅಂದುಕೊಂಡಿದ್ದರು, ನಾನೂ. ಕೊಂಬೆ ಅರ್ಧ ಮುರಿದು, ಸಿಪ್ಪೆಯಲ್ಲೇ ನೇತಾಡಿ, ಒಮ್ಮೆ ಓಲಾಡಿ, ಸೀದಾ ಕೊಟ್ಟಿಗೆಯ ಮೇಲೆ ಬಂದು ಕೂತಿತು. ಮೊದಲು ಮರದ ಸದ್ದು, ಅದರ ಹಿಂದೆಯೇ ಹೆಂಚಿನ ಸದ್ದು. ಧೂಳು ಇಳಿದ ಮೇಲೆ ನೋಡಿದರೆ ಮಾಡಿನ ಕಡಲ ಕಡೆಯ ಇಳಿಜಾರು ಅರ್ಧ ಬಯಲಾಗಿತ್ತು. ಕೊಂಬೆಯ ದಪ್ಪ ಕವಲೊಂದು ಬಾಗಿಲಿಗೆ ಒದೆಗೊಟ್ಟು ನಿಂತಿತ್ತು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಒಳಗೆ ಅಮ್ಮನ ಇಡೀ ಬೇಸಿಗೆಯ ಮೀನು.

"ಅಯ್ಯ, ಗಾಳಿ ಹೊಡೀತಲ್ರೀ," ಅಂದ ಮುಂದಾಳು. ಗಾಳಿಯೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಮುಖ ಸಣ್ಣದಾಗಿತ್ತು.

"ಇದನ್ನು ತೆಗೆದುಕೊಟ್ಟು ಹೋಗಿ," ಅಂದೆ.

"ಎತ್ತೂದು ನಮ್ಮ ಕೆಲಸದಾಗ ಬರಂಗಿಲ್ರೀ ಅಕ್ಕಾರ. ನೀವ ತೆಗೀತೀವಿ ಅಂತ ಕಾಗದದಾಗ ಬರ್ದೀರಂತಲ್ಲ. ಮುಂದ ಇನ್ನೂ ಆರ ಕಂಬ ಅದಾವ್ರೀ. ಲೈನ್ ಚಾಲೂ ಆಗೂದ್ರಾಗ ಮುಗೀಬೇಕು."

ಹೋದರು. ಸ್ವಲ್ಪ ಹೊತ್ತಿಗೆ ನನ್ನ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ.

ಅಮ್ಮ ಆಟೋದಿಂದ ಇಳಿದದ್ದು ಹನ್ನೊಂದರ ಹೊತ್ತಿಗೆ. ಬುಟ್ಟಿ ಸೊಂಟದಲ್ಲೇ ಇತ್ತು. ಮರ ನೋಡಿದಳು, ಕೊಟ್ಟಿಗೆ ನೋಡಿದಳು.

"ಯಾರ್ ಕಡುದ್ದ್?"

"ಕರೆಂಟಿನವ್ರ್."

"ಕಡಿಯೂಕೆ ಹೇಳದ್ ಯಾರ್?"

ಎರಡೇ ನಿಮಿಷದಲ್ಲಿ ಎಂಥ ಪ್ರಶ್ನೆಗೂ ಉತ್ತರ ಕಟ್ಟಬಲ್ಲವಳು ನಾನು. "ನಾನ್," ಅಂದೆ.

ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಎದುರುತ್ತರಕ್ಕೆ ಒಂದು ಎಳೆಯಾದರೂ ಸಿಗುತ್ತಿತ್ತು. ಅವಳು ಬುಟ್ಟಿ ಇಳಿಸಿ ಕೊಟ್ಟಿಗೆಯ ಗೋಡೆಗೆ ಅಂಗೈ ಒತ್ತಿ ನಿಂತಳು. ಬಂಗುಡೆ, ತೊರಕೆ, ನಂಗು, ಚಟ್ಲಿ. ಉಪ್ಪು ಹಾಕಿ, ಕಾಗೆ ಓಡಿಸಿ, ಬಿಸಿಲಿಗೆ ತಿರುವಿ ಹಾಕಿ ಒಣಗಿಸಿದ ಮೀನು. ಶನಿವಾರದ ಕುಂದಾಪುರ ಸಂತೆ ಮಳೆಗೆ ಮೊದಲಿನ ದೊಡ್ಡ ಸಂತೆ. ವಂಡ್ಸೆ, ಅಮಾಸೆಬೈಲು ಕಡೆಯವರು ಇಡೀ ಮಳೆಗಾಲಕ್ಕೆ ಬೇಕಾದ ಒಣಮೀನನ್ನು ಕಟ್ಟಿಸಿಕೊಂಡು ಹೋಗುವುದು ಅಂದೇ. ಅದು ತಪ್ಪಿದರೆ ಅಮ್ಮನ ವರ್ಷವೇ ತಪ್ಪಿದ ಹಾಗೆ. ಒಣಮೀನಿಗೆ ಒಂದು ಮಳೆ ಸಾಕು. ನೀರು ಕುಡಿದರೆ ಮೂರನೇ ದಿನಕ್ಕೆ ಹುಳ.

ಆಕಾಶದಲ್ಲಿ ಮೂಡಣ ದಿಕ್ಕು, ಕೊಲ್ಲೂರಿನ ಕಾಡಿನ ಮೇಲೆ, ಆಗಲೇ ಕಪ್ಪಾಗಿತ್ತು.

ಕೊಂಬೆ ತೆಗೆಯದೆ ಬಾಗಿಲು ತೆರೆಯುವ ಹಾಗಿಲ್ಲ. ಕೊಂಬೆ ತೆಗೆಯದೆ ಮಾಡಿಗೆ ತಾಡಪಾಲು ಹೊದೆಸುವ ಹಾಗೂ ಇಲ್ಲ, ಚೂಪು ಕವಲುಗಳು ಆನೆಯ ದಂತದಂತೆ ಎದ್ದು ನಿಂತಿದ್ದವು. ನಾನು ಏಣಿ ಇಟ್ಟು ಹತ್ತಿ ನೋಡಿದೆ. ರೀಪಿನ ಸಂದಿಯಲ್ಲಿ ಮೀನು ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ದೊಡ್ಡಮ್ಮ ಬೇಲಿಯ ಹತ್ತಿರ ಬಂದರು. ಊರಿನಲ್ಲಿ ಎಲ್ಲಿ ಮರ ಬಿದ್ದರೂ ಮೊದಲು ಕತ್ತಿ ಹಿಡಿದು ಹೋಗುವವರು ಅವರು. ಅಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಎಂಥಾ ಸೌದಿ ಮಾರಾಯ್ತಿ! ಕಂಡ್ರೆ ಹೊಟ್ಟಿ ಉರಿತ್ತ್. ಆರೆ ಎಂತ ಮಾಡೂದ್, ಬನದ್ದಲ್ದಾ."

"ದೊಡ್ಡಮ್ಮ, ಇದು ಈಗ ಬನದಲ್ಲಿಲ್ಲ. ನಮ್ಮ ಮಾಡಿನ ಮೇಲಿದೆ. ಹಾಗಾದರೆ ಯಾರದ್ದು?" ಅಂದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಪುಸ್ತಕದ ಕನ್ನಡ ಬರುತ್ತದೆ.

"ನಿನ್ ಬಾಯಿಗ್ ನಾ ಇಲ್ಲೆ ಹೆಣೆ. ನೀ ಮೊದ್ಲ್ ನಿನ್ ಒಲಿಗ್ ಹಾಕ್. ಎಂತ ಆತ್ ಅಂತ ನಾ ಕಾಂತೆ. ಆಮೇಲ್ ನಂಗೂ ಎರಡ್ ಹೊರಿ ಕೊಡ್."

ಹೆಮ್ಮಾಡಿಯಿಂದ ಮರ ಕೊಯ್ಯುವವನೊಬ್ಬನನ್ನು ಫೋನು ಮಾಡಿ ಕರೆಸಿದೆ. ಬೈಕಿನಿಂದ ಒಂದು ಕಾಲು ಇಳಿಸಿದ್ದ, ಹೆಡೆಯ ಕಲ್ಲು ಕಣ್ಣಿಗೆ ಬಿತ್ತು. "ಬನದ್ದಾ? ಫೋನಲ್ಲೇ ಹೇಳೂಕಾತಿಲ್ಯಾ?" ಅಂದವನು ಇಳಿಸಿದ ಕಾಲನ್ನು ಮತ್ತೆ ಬೈಕಿನ ಮೇಲಿಟ್ಟ. ಅಮ್ಮ ಕೋಟದ ಭಟ್ಟರಿಗೆ ಫೋನು ಮಾಡಿದಳು. ಅವರು ಯಾವುದೋ ಕಾರ್ಯಕ್ಕೆ ಕೊಲ್ಲೂರಿಗೆ ಹೋಗಿದ್ದರು.

"ಆದಿತ್ಯವಾರ ಬಂದ್ ಶುದ್ಧ ಮಾಡಿ ಕೊಡ್ತ್ರಂಬ್ರ್. ಅಲ್ಲಿವರೆಗ್ ಕೊಂಬಿ ಮುಟ್ಟೂಕಿಲ್ಲೆ," ಅಂದಳು ಫೋನು ಇಟ್ಟು.

"ಸಂತೆ ಶನಿವಾರ."

"ನಂಗ್ ಗೊತ್ತಿಲ್ಯಾ?"

ನನಗೆ ಕೂರಲಾಗಲಿಲ್ಲ. ಮೊಬೈಲಿನಲ್ಲಿ ಹವಾಮಾನ ನೋಡುವುದು, ಹೊರಗೆ ಬಂದು ಆಕಾಶ ನೋಡುವುದು, ಎರಡೂ ತಾಳೆಯಾಗದಿದ್ದರೆ ಮತ್ತೆ ಮೊಬೈಲು ನೋಡುವುದು. ಕೊಂಬೆಯ ಸುತ್ತ ಎಷ್ಟು ಸಲ ತಿರುಗಿದೆನೋ, ಅಂಗಳದಲ್ಲಿ ಅಂದು ಬಿದ್ದ ಹೊಸ ಎಲೆಗಳ ನಡುವೆ ಒಂದು ಕಾಲುದಾರಿಯೇ ಬಿದ್ದಿತ್ತು.

ಬುಧವಾರ ಕರೆಂಟ್ ಆಫೀಸಿಗೆ ಹೋದೆ. ಬಸ್ಸಿನಲ್ಲಿ ಕೂತು ವಾದ ಸಿದ್ಧ ಮಾಡಿಕೊಂಡಿದ್ದೆ. ಅಲ್ಲಿನ ಎಂಜಿನಿಯರು ಸಭ್ಯ ಮನುಷ್ಯ, ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕಡತ ತರಿಸಿದರು. ಅದರಿಂದ ನನ್ನ ಅರ್ಜಿಯನ್ನು ತೆಗೆದು ಕನ್ನಡಕ ಏರಿಸಿ ಓದತೊಡಗಿದರು.

"ಇಷ್ಟು ಚಂದದ ಅರ್ಜಿ ನನ್ನ ಸರ್ವಿಸಿನಲ್ಲೇ ನೋಡ್ಲಿಲ್ಲ ಮೇಡಂ. ಒಂದು ಕಾಗುಣಿತದ ತಪ್ಪಿಲ್ಲ. ಇಲ್ಲಿ ನೋಡಿ: ಕೊಂಬೆಗಳನ್ನು ಸಾಗಿಸಲು ಜನವಿಲ್ಲವೆಂದಾದರೆ ಅದನ್ನೂ ನಾವೇ ನೋಡಿಕೊಳ್ಳುತ್ತೇವೆ. ಇದಕ್ಕೆ ನಾನು ಏನು ಹೇಳಲಿ?"

"ಸಾಗಿಸ್ತೇವೆ ಅಂದಿದ್ದೇವೆ, ನಮ್ಮ ಮಾಡಿನ ಮೇಲೆ ಹಾಕಿ ಅಂದಿಲ್ಲ. ಹಗ್ಗ ಕಟ್ಟದೆ ಕಡಿದದ್ದು ನಿರ್ಲಕ್ಷ್ಯ."

ಅವರು ಅರ್ಜಿಯನ್ನು ಮಡಚಿಟ್ಟರು. "ಅದು ಸರಿ. ನೀವು ಹೇಳುವುದರಲ್ಲಿ ನ್ಯಾಯ ಉಂಟು."

ನಾನು ಕಾದೆ. ಅವರೂ ಕಾದರು.

"ಹಾಗಾದರೆ?"

"ಹೆಂಚಿಗೆ ಬೇರೆ ಅರ್ಜಿ ಕೊಡಿ. ಫೋಟೋ ಹಾಕಿ. ನಮ್ಮವರು ಬಂದು ನೋಡ್ತಾರೆ, ಮಳೆಗಾಲದ ಕೆಲಸದ ಗಡಿಬಿಡಿ ಮುಗೀಲಿ."

"ಮಳೆಗಾಲ ಮುಗಿದ ಮೇಲೆ ಹೆಂಚು ಯಾಕೆ ಸರ್?"

ಪಕ್ಕದ ಮೇಜಿನವರು ನಕ್ಕರು. ಎಂಜಿನಿಯರೂ ನಕ್ಕರು. ವಾದ ನಾನೇ ಗೆದ್ದಿದ್ದೆ, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಗೆದ್ದ ವಾದವನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತೆ.

ಮನೆಗೆ ಬರುವಾಗ ಹನಿ ಶುರುವಾಗಿತ್ತು. ದೊಡ್ಡ ಮಳೆಯಲ್ಲ, ಹತ್ತು ನಿಮಿಷದ್ದು. ಅಮ್ಮ ಕೊಟ್ಟಿಗೆಯ ಗೋಡೆಗೆ ಒರಗಿ, ತಲೆಗೆ ಸೆರಗು ಹಾಕಿಕೊಂಡು ನಿಂತಿದ್ದಳು, ಒಳಗೆ ಬೀಳುವ ಹನಿಗಳ ಸದ್ದು ಕೇಳುತ್ತ. ನಾನು ಎಂಜಿನಿಯರಿಗೆ ಹೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದೆ, ಅವರು ನ್ಯಾಯ ಉಂಟು ಅಂದದ್ದನ್ನೂ ಸೇರಿಸಿ.

"ಬಾಯಂಗೆ ಕೊಂಬಿ ಎತ್ತೂಕಾತ್ತಾ?" ಅಂದಳು. ಅಷ್ಟೇ.

ಮಳೆ ನಿಂತ ಮೇಲೆ ಹೆಂಚಿನ ತೂತಿನಿಂದ ವಾಸನೆ ಬಂತು. ಒಣಮೀನಿನ ವಾಸನೆ ನನಗೆ ಮನೆಯದೇ ವಾಸನೆ, ಇದು ಅದಲ್ಲ. ಒದ್ದೆ ಮೀನಿನದು, ಹುಳಿ ಹುಳಿ.

ಗುರುವಾರ ಬೆಳಿಗ್ಗೆ ನಾನು ಕತ್ತಿ ತೆಗೆದುಕೊಂಡು ಹೊರಟೆ. ಯೋಚಿಸಿದರೆ ಸರಳವಾಗಿತ್ತು. ನಂಬುವವರು ಮುಟ್ಟುವುದಿಲ್ಲ. ನಾನು ನಂಬುವುದಿಲ್ಲ. ಆದ್ದರಿಂದ ನಾನು ಮುಟ್ಟಬಹುದು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದೆ, ಅಮ್ಮ ಹಿಂದಿನಿಂದ ಬಂದು ಕತ್ತಿ ಕಿತ್ತುಕೊಂಡಳು. ಹೋಗಿ ಜಗಲಿಯ ಚಿಟ್ಟೆಯ ಮೇಲೆ ಕೂತು, ಕತ್ತಿಯನ್ನು ತೊಡೆಯ ಕೆಳಗೆ ಹಾಕಿಕೊಂಡಳು.

"ಕೊಡಿಲ್ಲಿ ಅಮ್ಮ. ಮೀನ್ ಹಾಳಾತ್ತ್."

"ಮೀನ್ ಹೋರೆ ಹೋಯ್ಲಿ."

"ಎಂತ ಮಾತ್ ಇದ್? ನಾ ನಂಬುದಿಲ್ಲೆ. ನಂಗ್ ಎಂತ ಆತಿಲ್ಲೆ."

"ನೀ ನಂಬ್ದಿದ್ರೆ ಎಂತ? ನಾ ನಂಬ್ತೆ ಅಲ್ದಾ?" ಅವಳ ದನಿ ಮೊದಲ ಸಲ ಮೇಲೇರಿತು. "ನಿಂಗ್ ನಾಳಿ ಒಂದ್ ಜ್ವರ ಬಂತ್ ಅನ್ನು. ನಿಂಗ್ ಅದ್ ಬರೀ ಜ್ವರ. ನಂಗ್? ಇಡೀ ಜನ್ಮ ಕೂಕಂಡ್ ಯೋಚ್ನಿ ಮಾಡೂದ್ ನಾನ್. ಮೀನ್ ಬಪ್ಪ ವರ್ಷ ಮತ್ ಬತ್ತ್. ಹೋಯ್, ಒಳಗ್ ಹೋಯ್."

ಮೂರು ದಿನದಿಂದ ನಾನು ಅವಳ ಮೌನವನ್ನು ನನಗೆ ಕೊಟ್ಟ ಶಿಕ್ಷೆ ಎಂದೇ ತಿಳಿದಿದ್ದೆ. ಮೀನಿಗಾಗಿ ನನ್ನ ಮೇಲೆ ಸಿಟ್ಟು ಎಂದು. ಅವಳು ಮೂರು ದಿನದಿಂದ ಕಾಯುತ್ತಿದ್ದದ್ದು ನನ್ನನ್ನು. ನಾನು ಯಾವ ಹೊತ್ತಿಗೆ ಕತ್ತಿ ಹಿಡಿದು ಹೊರಡುತ್ತೇನೆ ಎಂದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವಳ ಮಾತಿಗೆ ಉತ್ತರ ಹುಡುಕಿದೆ. ಅವಳ ನಂಬಿಕೆ ಸುಳ್ಳು ಎಂದು ತೋರಿಸಬಹುದು; ಅವಳ ಹೆದರಿಕೆ ಸುಳ್ಳು ಎಂದು ಹೇಗೆ ತೋರಿಸುವುದು? ಅದು ಅಲ್ಲೇ ಇತ್ತು, ತೊಡೆಯ ಕೆಳಗೆ ಕತ್ತಿ ಹಾಕಿಕೊಂಡು.

ಒಳಗೆ ಹೋದೆ, ಹೊರಗೆ ಬಂದೆ. ಮತ್ತೆ ಒಳಗೆ ಹೋದೆ. ಸಂಜೆ ಮಳೆ ಬರಲಿಲ್ಲ, ಬರುತ್ತದೆ ಎಂದು ಕಾಯುವುದು ಬಂದದ್ದಕ್ಕಿಂತ ಕಷ್ಟವಾಗಿತ್ತು.

ಶುಕ್ರವಾರ ಮೊದಲ ಬಸ್ಸಿಗೆ ವಂಡ್ಸೆಗೆ ಹೋದೆ. ಹಳೆಯ ಲೈನ್‌ಮ್ಯಾನ್ ಅಲ್ಲಿರುತ್ತಾರೆ. ಬಾವಿಕಟ್ಟೆಯ ಹತ್ತಿರ ಕೂತು ಕೊಡಪಾನಕ್ಕೆ ಹೊಸ ಹಗ್ಗ ಬಿಗಿಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿದರು.

"ಹಗ್ಗ ಕಟ್ಟದೇ ಬಿಟ್ರಾ?" ಇದೊಂದೇ ಅವರಿಗೆ ನಿಜವಾಗಿ ನೋವಾದ ಸಂಗತಿ.

"ನೀವು ನಾಗನಿಗೆ ಹೆದರಿಯೇ ಅಲ್ವಾ ಹಗ್ಗ ಕಟ್ಟುತ್ತಿದ್ದದ್ದು?" ಕೇಳಿಬಿಟ್ಟೆ. ಆ ಹೊತ್ತಿನಲ್ಲೂ ನನಗೆ ಅದು ಬೇಕಿತ್ತು.

"ನಾಗ ಸುಮ್ನಿರ್ತ ಹೆಣೆ. ನಿಮ್ಮಮ್ಮ ಸುಮ್ನಿರ್ತ್ರಾ? ಒಂದ್ ಹೆಂಚ್ ಬಿರ್ಕ್ ಬಿಟ್ರೂ ಇಡೀ ಸಂತಿಗ್ ಕೇಂಬಂಗ್ ಬೈತಿದ್ರ್. ಹಗ್ಗ ಕಟ್ಟದ್ ಅವ್ರ್ ಬಾಯಿಗ್ ಹೆದ್ರಿ."

"ಮತ್ತೆ ತೆಂಗಿನಕಾಯಿ?"

"ಅದ್ ನಾಗನಿಗ್ ಹೆದ್ರಿ. ಎರಡೂ ಹೆದ್ರಿಕಿ ಇರ್ಲಿ. ಎಂತಕ್ಕ್ ಒಂದನ್ನೇ ಆರ್ಸ್ಕಂಬ್ದ್?"

ಹಿರಿಯರ ಆಚಾರದಲ್ಲೆಲ್ಲ ಒಂದು ವಿಜ್ಞಾನ ಅಡಗಿತ್ತು ಎಂದು ಮುಗಿಸುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಇಲ್ಲಿ ಅಂಥದ್ದೇನೂ ಅಡಗಿರಲಿಲ್ಲ. ಒಬ್ಬ ಮನುಷ್ಯ ಇಬ್ಬರಿಗೆ ಹೆದರಿ ನಿಧಾನವಾಗಿ ಕೆಲಸ ಮಾಡುತ್ತಿದ್ದರು, ಹೆಂಚು ಉಳಿಯುತ್ತಿತ್ತು. ನಾನು ಆ ಎರಡು ಹೆದರಿಕೆಗಳನ್ನೂ ಒಂದೇ ಅರ್ಜಿಯಲ್ಲಿ ತೆಗೆದುಹಾಕಿದ್ದೆ.

ಅವರ ಸ್ಕೂಟರಿನ ಹಿಂದೆ ಕೂತು, ಮಡಿಲಲ್ಲಿ ದಪ್ಪ ಹಗ್ಗದ ಸುರುಳಿ ಇಟ್ಟುಕೊಂಡು ಮನೆಗೆ ಬಂದೆ. ಅವರು ಗೇಟಿನ ಹೊರಗೇ ನಿಲ್ಲಿಸಿ, ಹಳೆಯ ಹಾಗೆಯೇ ಕೂಗಿದರು: "ಹ್ವಾಯ್ ಅಮ್ಮಾ, ಹೇಳಿ ಬನ್ನಿ!"

ಅಮ್ಮ ಹೊರಗೆ ಬಂದಳು. "ಎಂತ ಹೇಳೂದ್? ಕೇಣ್ದೇ ಕಡುದ್ ಆಯ್ತಲೆ. ಭಟ್ರ್ ಆದಿತ್ಯವಾರ ಬತ್ರ್."

"ಭಟ್ರ್ ಬಂದ್ ಶುದ್ಧ ಮಾಡ್ಲಿ, ಬ್ಯಾಡ ಅಂದವ್ರ್ ಯಾರ್? ಆರೆ ಇಷ್ಟ್ ವರ್ಷ ಮಳಿಗ್ ಮೊದ್ಲ್ ಹೇಳ್ದವ್ರ್ ಯಾರ್? ಭಟ್ರಾ? ನೀವೇ ಅಲ್ದಾ. ನೀವ್ ಹೇಳ್ದ್ರಿ, ನಾ ಹತ್ತ್ದೆ. ನಂಗ್ ಎಂತ ಆಯ್ತ್? ಮೊಣಗಂಟ್ ನೋವ್ ಒಂದ್ ಬಿಟ್ರೆ?" ಮಂಡಿ ತಟ್ಟಿ ತೋರಿಸಿದರು. "ಅದ್ಕೇ ಇವತ್ ಹತ್ತೂದ್ ನಾನಲ್ಲ, ಇವಳ್. ನಾ ಕೆಳಗಿಂದ ಹೇಳ್ತೆ."

ಅಮ್ಮ ಹಗ್ಗ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ, "ಹೋಯಿ ಮಿಂದ್ಕಂಡ್ ಬಾ," ಅಂದಳು.

ಮಿಂದು ಬಂದೆ. ವಾದ ಮಾಡಲಿಲ್ಲ, ಮೀಯುವುದಕ್ಕೆ ತತ್ತ್ವದ ತಕರಾರೇನಿರುತ್ತದೆ. ಬನದ ಬಾಯಲ್ಲಿ ಅವಳ ಹಿಂದೆ ನಿಂತೆ. ಕಲ್ಲಿನ ಮೇಲೆ ಹಾಲು ಹೊಯ್ದು, ಕೈಮುಗಿದು, ನಾನು ಎಷ್ಟೋ ವರ್ಷ ದೂರದಿಂದ ಅಣಕಿಸಿದ್ದ ಆ ಗುಣುಗುಣು ಶುರು ಮಾಡಿದಳು. ಹತ್ತಿರದಲ್ಲಿ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಮಂತ್ರವೇನಲ್ಲ, ಮಾತು.

"ತಪ್ಪಾಯ್ತ್. ಹೇಳ್ದೇ ಕಡುದ್ರ್. ಹೆಣ್ಣಿಗ್ ಬಾಯಿ ಇತ್ತ್, ಬುದ್ಧಿ ಇಲ್ಲೆ. ಅದ್ರ ಮೇಲ್ ಹಾಕ್ಬೇಡ. ತಪ್ಪ್ ಮಾಡದ್ ನಾನ್. ನನ್ನ್ ಮೇಲೇ ಹಾಕ್."

"ಎಂತಕ್ಕೆ?" ಅಂದೆ. ತಡೆಯಲಾಗಲಿಲ್ಲ. "ನೀನ್ ಎಂತ ಮಾಡಿದ್ದಿ? ನೀನ್ ಮನೀಲೇ ಇರ್ಲಿಲ್ಲೆ. ಅರ್ಜಿ ಬರ್ದದ್ ನಾನ್. ಸಹಿ ಹಾಕದ್ ನಾನ್. ಕಡೀರಿ ಅಂದದ್ದೂ ನಾನೇ." ಮತ್ತೆ, ಅವಳು ಕೇಳುತ್ತಿಲ್ಲವೆಂದು ಕಂಡು, ಕಲ್ಲಿನ ಕಡೆಗೇ ತಿರುಗಿ ಹೇಳಿದೆ: "ತಪ್ಪು ನನ್ನದು. ಅಮ್ಮನದ್ದಲ್ಲ."

ಹಿಂದೆ ಗೇಟಿನ ಹತ್ತಿರ ಲೈನ್‌ಮ್ಯಾನ್ ಗೊಳ್ಳೆಂದು ನಕ್ಕರು. "ಹ್ವಾಯ್, ನಂಬುದಿಲ್ಲೆ ಅಂಬವಳ್ ಈಗ ವಾದ ಮಾಡೂದ್ ಯಾರ್ ಹತ್ರ ಮಾರಾಯ್ರೆ?"

ಅಮ್ಮನಿಗೂ ನಗು ಬಂತು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಾನು ನಗಲಿಲ್ಲ. ಇವತ್ತಿಗೂ ನನ್ನ ನಿಲುವು ಇದು: ಕೇಳುವವರು ಇದ್ದಾರೋ ಇಲ್ಲವೋ, ತಪ್ಪಾದ ಹೇಳಿಕೆ ದಾಖಲಾಗಬಾರದು.

ಆಮೇಲಿನದೆಲ್ಲ ಬರೀ ಕೆಲಸ. ಏಣಿ ಹತ್ತಿ, ದಪ್ಪ ಕವಲಿಗೆ ನಾನು ಹಗ್ಗ ಬಿಗಿದೆ; ಹಗ್ಗದ ಇನ್ನೊಂದು ತುದಿಯನ್ನು ಹೊನ್ನೆಯ ಬುಡಕ್ಕೆ ಎರಡು ಸುತ್ತು ಹಾಕಿ ಲೈನ್‌ಮ್ಯಾನ್ ಹಿಡಿದುಕೊಂಡರು. "ಮೊದ್ಲ್ ಸಣ್ಣದ್ದ್! ಸಣ್ಣದ್ ತೆಗ್ದ್ರೆ ದೊಡ್ಡದ್ ಹೇಳ್ದ್ ಕೇಂತ್ತ್. ಹಾಂ, ಈಗ ಕೊಯ್. ಪೂರ್ತಿ ಕೊಯ್ಬ್ಯಾಡ, ನಿಲ್ಸ್, ನಿಲ್ಸ್ ಮಾರಾಯ್ತಿ!" ಗರಗಸ ನನ್ನ ಕೈಯಲ್ಲಿ, ಬುದ್ಧಿ ಅವರ ಬಾಯಲ್ಲಿ. ಕೆಂಪಿರುವೆ ರವಿಕೆಯೊಳಗೆ ಹೊಕ್ಕವು. ಹೊನ್ನೆಯ ಸೊನೆ ಕೈಗೆ, ಕೂದಲಿಗೆ, ಗರಗಸದ ಹಿಡಿಗೆ ಅಂಟಿತು. ಒಂದು ಕವಲು ಹಗ್ಗದಲ್ಲಿ ಇಳಿದರೆ ಅದನ್ನು ಬನದವರೆಗೆ ಎಳೆದು ಹಾಕುವುದೂ ನಾನೇ. ಅಮ್ಮ ಕೊಂಬೆ ಮುಟ್ಟಲಿಲ್ಲ, ಆದರೆ ನಾನು ಎಳೆಯುವ ದಾರಿಯಲ್ಲಿದ್ದ ಒಡೆದ ಹೆಂಚಿನ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತ ನನ್ನ ಕಾಲಿನ ಮುಂದೆಯೇ ಇದ್ದಳು. ಬೇಲಿಯಾಚೆ ದೊಡ್ಡಮ್ಮ, "ಅಯ್ಯೋ, ಅಂಥಾ ಸೌದಿ," ಅನ್ನುತ್ತಲೇ ಇದ್ದರು.

ಮೂಡಣದಲ್ಲಿ ಗುಡುಗಿತು. ಯಾರೂ ತಲೆಯೆತ್ತಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಬಾಗಿಲಿನ ಕವಲು ಸರಿಯಿತು. ಅಮ್ಮ ಬಾಗಿಲು ಎಳೆದು ಒಳಗೆ ಹೋದಳು. ನಾನು ಹೊರಗೇ ನಿಂತೆ. ಒಳಗಿಂದ ಬುಟ್ಟಿ ಸರಿಸುವ ಸದ್ದು, ಚೀಲ ಬಿಚ್ಚುವ ಸದ್ದು. ಎಷ್ಟು ಹೊತ್ತಾಯಿತೋ. ಕೊನೆಗೆ ಒಂದು ದೊಡ್ಡ ಬುಟ್ಟಿ ಎತ್ತಿಕೊಂಡು ಬಂದು ಅಂಗಳಕ್ಕೆ ಸುರಿದಳು. ಕಡಲ ಕಡೆಯ ಮೂಲೆಯಲ್ಲಿದ್ದ ತೊರಕೆ, ಪೂರ್ತಿ ಒದ್ದೆ, ಅಂಚಿನಲ್ಲಿ ಬಿಳಿ ಬೂಷ್ಟು. ಮತ್ತೆ ಒಳಗೆ ಹೋದಳು. ಇನ್ನೊಂದು ಬುಟ್ಟಿ ನಂಗು.

"ಮತ್ತೆ?" ಕೇಳಿದೆ.

"ಮತ್ ಎಂತ? ಉಳ್ದದ್ ಅಡ್ಡಿಲ್ಲೆ." ನನ್ನ ತೋಳು ಹಿಡಿದು ತಿರುಗಿಸಿ ನೋಡಿದಳು. ಸೊನೆ ತಾಗಿದ ಕಡೆ ಕೆಂಪು ಬೊಕ್ಕೆಗಳು ಎದ್ದಿದ್ದವು. "ಇದ್ ಎಂತ?"

"ಸೊನೆ. ಬರೀ ಸೊನೆ."

ಅವಳು ಒಳಗೆ ಹೋದಳು. ಕೊಬ್ಬರಿ ಎಣ್ಣೆಗೆ ಅರಶಿನ ಕಲಸಿ ತಂದು ಹಚ್ಚಿದಳು, ಬೊಕ್ಕೆಯಿಲ್ಲದ ಕಡೆಗೂ.

ತಾಡಪಾಲು ಹೊದೆಸಿ ಅಂಚು ಕಟ್ಟುವಾಗ ಮಳೆ ಬಂತು, ಈ ಸಲ ನಿಜವಾದದ್ದು.

ಶನಿವಾರದ ಸಂತೆಯಲ್ಲಿ ನಾನೂ ಅವಳ ಪಕ್ಕ ಕೂತೆ. ಅಮಾಸೆಬೈಲಿನ ಹೆಂಗಸರು ಬಂದರು, ಬಂಗುಡೆಯನ್ನು ಮೂಸಿದರು, ಮುರಿದು ನೋಡಿದರು. ಅಮ್ಮ ಬ್ರಹ್ಮಾವರದ ಕಪ್ಪಿನಲ್ಲಿ ಚಟ್ಲಿ ತುಂಬಿ ತುಂಬಿ ಸುರಿದಳು. ನನ್ನ ತೋಳಿನ ಅರಶಿನ ನೋಡಿ ಯಾರೋ ಕೇಳಿದರೆ, "ಹೆಣ್ಣ್ ಮರ ಹತ್ತಿತ್ತ್," ಅಂದಳು, ಅದಕ್ಕಿಂತ ಹೆಚ್ಚಿಲ್ಲ. ನಡುನಡುವೆ ಅವಳ ಕಣ್ಣು ನನ್ನ ಹಣೆಯ ಮೇಲೆ ಬಂದು ಹೋಗುತ್ತಿತ್ತು, ಜ್ವರ ಉಂಟೋ ಎಂದು.

ಗಿರಾಕಿ ಕಡಿಮೆಯಾದಾಗ ನಾನು ಚೀಲದಿಂದ ಕಾಗದ ತೆಗೆದೆ. ಎರಡನೆಯ ಅರ್ಜಿ. ಹೆಂಚಿನದು ಬೇರೆ, ಇದು ಮರದ್ದು. ಓದಿ ಹೇಳಿದೆ: ನಮ್ಮ ಅಂಗಳದ ಹೊನ್ನೆ ಮರದ ಬಗ್ಗೆ ತಕರಾರು ಇದೆ. ಹಗ್ಗ ಕಟ್ಟದೆ ಕಡಿಯಬಾರದು. ಕೊಂಬೆಗಳನ್ನು ಮರವಿರುವ ಜಾಗಕ್ಕೇ ಇಳಿಸಬೇಕು. ಮನೆಯ ಹಿರಿಯರನ್ನು ಕೇಳದೆ, ಅವರು ಹೇಳಿ ಬರುವ ಮೊದಲು, ಮರಕ್ಕೆ ಕೈ ಹಚ್ಚಬಾರದು.

"ಹೇಳಿ ಬಪ್ದ್ ಯಾರಿಗ್ ಅಂತ ಬರ್ದ್ಯಾ?"

"ಇಲ್ಲೆ."

"ಎಂತಕ್ಕೆ?"

"ಅದ್ ನಾ ಬರಿಯೂದಿಲ್ಲೆ."

ಅಮ್ಮ ಕಪ್ಪಿನ ತಳಕ್ಕೆ ಅಂಟಿದ್ದ ಚಟ್ಲಿಯ ಪುಡಿಯನ್ನು ಅಂಗೈಗೆ ತಟ್ಟಿ ಬುಟ್ಟಿಗೆ ಹಾಕಿದಳು. "ಆಯ್ತ್. ಅದ್ ನಾ ಹೇಳ್ತೆ. ನೀ ಸಹಿ ಹಾಕ್."

ಹಾಕಿದೆ. ಬೊಕ್ಕೆಗಳು ನವೆಯುತ್ತಿದ್ದವು.